ಕೈ ಆಕೀದು, ಸಹಿ ಯಾರದು?

"ಪೂರಾ ಮತ್ತು ಕೊಟ್ಟಬಿಡ್ರಿ ಡಾಕ್ಟರ, ಹೆಣ್ಣಮಗಳು, ಹೆದರತಾಳ." ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಆಪರೇಷನ್ ಕೋಣೆಯ ಹೊರಗೆ ಕೂತವರು ಈ ಮಾತನ್ನು ಕೇಳಿಯೇ ಇರುತ್ತಾರೆ. ಹೇಳುವವನು ಗಂಡ, ಇಲ್ಲವೆ ಮಾವ, ಮೈದುನ. ಕೆಲವು ಸಲ ಹೆತ್ತ ತಾಯಿಯೇ. ಕೈಗೆ ಟಾವೆಲ್ಲು ಸುತ್ತಿಕೊಂಡ ಆ ಹೆಣ್ಣುಮಗಳು ಎರಡು ಮಾರು ದೂರದಲ್ಲಿ ಬಾಕಿನ ಮೇಲೆ ಕೂತಿರುತ್ತಾಳೆ. ಆಕೆ ಹೆದರಿದ್ದಾಳೋ ಇಲ್ಲವೋ ಎಂದು ಆಕೆಯನ್ನು ಯಾರೂ ಕೇಳುವುದಿಲ್ಲ. ಡಾಕ್ಟರು ತಲೆಯಾಡಿಸುತ್ತಾರೆ, ಒಂದು ಕಾಗದ ಮುಂದೆ ಬರುತ್ತದೆ, ಗಂಡ ಸಹಿ ಹಾಕುತ್ತಾನೆ. ಅಲ್ಲಿಗೆ ಮಾತು ಮುಗಿಯಿತು.

ನನ್ನ ಜಗಳ ಈ ರೂಢಿಯ ಜೊತೆ. ಅರಿವಳಿಕೆಯ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಕೊಡುವ ಡಾಕ್ಟರರ ಮೇಲಂತೂ ಗೌರವವೇ ಇದೆ. ಆದರೆ ಕತ್ತರಿಸಿದ ಕೈಯನ್ನು ರಿಪೇರಿ ಮಾಡುವಾಗ ನೋವು ತಿಳಿಯದಂತೆ ಮಾಡಲು ಇರುವ ದಾರಿ ಒಂದೇ ಅಲ್ಲ. ಯಾವ ದಾರಿ ಹಿಡಿದರು ಎಂಬುದರ ಮೇಲೆ ಆ ಕೈ ಮುಂದೆ ಹೇಗೆ ದುಡಿದೀತು ಎಂಬುದೂ ಒಂದಿಷ್ಟು ನಿಂತಿದೆ. ಹಾಗಿರುವಾಗ ಕೈಯ ಒಡತಿಗೆ ಒಂದು ಮಾತು ಹೇಳದೆ, ಆಕೆಯನ್ನು ಕೇಳದೆ ಅದನ್ನು ತೀರ್ಮಾನಿಸುವುದು ಅನ್ಯಾಯ ಎಂಬುದಷ್ಟೇ ನನ್ನ ವಾದ.

ನಾನು ಗೋಕಾಕದಲ್ಲಿ ಹತ್ತಿರ ಹತ್ತಿರ ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು. ತವರು ಹುಕ್ಕೇರಿ. ನಾದಿನಿಯನ್ನು ಕೊಟ್ಟದ್ದು ಮೂಡಲಗಿಗೆ. ಮೊದಲು ಗೋಕಾಕ ತಾಲೂಕಿನಲ್ಲೇ ಇದ್ದು ಈಚೆಗಷ್ಟೇ ತಾನೇ ತಾಲೂಕಾದ ಊರು ಅದು. ಈ ಮೂರು ಊರುಗಳ ನಡುವೆ ಓಡಾಡುವಾಗ ಎಷ್ಟೋ ಗಾಯದ ಕೈಗಳನ್ನು ಕಂಡಿದ್ದೇನೆ. ಇಳಿಗೆಮಣೆಯ ಮೇಲೆ ಜಾರಿದ ಕೈ, ಮೇವು ಕೊಯ್ಯುವಾಗ ಕುಡಗೋಲು ತಾಗಿದ ಕೈ, ಕಬ್ಬಿನ ಹಂಗಾಮಿನಲ್ಲಿ ಕೊಯ್ತಾ ತಪ್ಪಿ ಬಿದ್ದ ಕೈ, ಒಡೆದ ಗಾಜು ನೆಟ್ಟ ಕೈ. ಇವೆಲ್ಲಕ್ಕೂ ನಮ್ಮ ಜನ "ನರಾ ಕಟ್ ಆಗೇತಿ" ಎಂದು ಒಂದೇ ಮಾತು ಹೇಳುತ್ತಾರೆ. ರಕ್ತ ಹರಿಯುವುದೂ ನಮಗೆ ನರ, ಸ್ಪರ್ಶ ತಿಳಿಸುವುದೂ ನರ, ಬೆರಳನ್ನು ಎಳೆದು ಮಡಚುವುದೂ ನರ. ನಾನಿಲ್ಲಿ ಹೇಳುತ್ತಿರುವುದು ಈ ಮೂರನೆಯದನ್ನು. ಪುಸ್ತಕದ ಭಾಷೆಯಲ್ಲಿ ಅದು ಸ್ನಾಯುರಜ್ಜು. ಮೊಳಕೈಯ ಕೆಳಗಿನ ಸ್ನಾಯುವಿನಿಂದ ಹೊರಟು, ಮಣಿಕಟ್ಟು ಅಂಗೈ ದಾಟಿ, ಬೆರಳಿನ ಎಲುಬಿಗೆ ಹೋಗಿ ಅಂಟುವ ಗಟ್ಟಿಯಾದ ಬಿಳಿಯ ಹುರಿ.

ಈ ಹುರಿ ಕತ್ತರಿಸಿದರೆ ಏನಾಗುತ್ತದೆ? ಲಂಗದ ಲಾಡಿ ಕಡಿದಾಗ ಆಗುವುದೇ ಆಗುತ್ತದೆ. ಒಂದು ತುದಿ ಒಳಗೆ ಸರಿದು ಮಾಯವಾಗುತ್ತದೆ. ಪಿನ್ನು ಹಾಕಿ ಹುಡುಕಿ ಎಳೆಯಬೇಕು. ಮೇಲಿನ ಚರ್ಮಕ್ಕೆ ಹೊಲಿಗೆ ಹಾಕಿ ಪಟ್ಟಿ ಕಟ್ಟಿದರೆ ಗಾಯ ಮಾಯುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ. ತುದಿಗಳನ್ನು ಹುಡುಕಿ ಜೋಡಿಸುವ ಕೆಲಸ ಆದಷ್ಟು ಬೇಗ, ಮೊದಲ ಕೆಲವು ದಿನಗಳಲ್ಲೇ ಆಗಬೇಕು. ತಡವಾದಷ್ಟೂ ಹುರಿ ಗಿಡ್ಡವಾಗಿ ಕೆಲಸ ಕಠಿಣವಾಗುತ್ತದೆ.

ಜೋಡಿಸಿದರಷ್ಟೇ ಸಾಲದು. ಬಾವಿಯ ಗಡಗಡಿಯನ್ನು ನೆನಪಿಸಿಕೊಳ್ಳಿ. ಹರಿದ ಹಗ್ಗಕ್ಕೆ ದಪ್ಪ ಗಂಟು ಹಾಕಿದರೆ ಹಗ್ಗ ಗಟ್ಟಿಯಾಗುತ್ತದೆ, ಆದರೆ ಗಂಟು ಗಡಗಡಿಯಲ್ಲಿ ಸಿಕ್ಕಿಕೊಂಡು ಕೊಡ ಮೇಲೆ ಬರುವುದಿಲ್ಲ. ಬೆರಳಿನ ಒಳಗೂ ಅಂಥ ಗಡಗಡಿಗಳಿವೆ. ಹುರಿ ಎಲುಬಿನಿಂದ ಮೇಲೇಳದಂತೆ ಹಿಡಿದಿಡುವ ಸಣ್ಣ ಸಣ್ಣ ಕುಣಿಕೆಗಳು ಅವು. ಹೊಲಿಗೆ ದಪ್ಪವಾದರೆ ಅಲ್ಲಿ ತೊಡಕುತ್ತದೆ; ಸಡಿಲವಾದರೆ ಎಳೆದ ಕೂಡಲೆ ತುದಿಗಳ ನಡುವೆ ಸಂದು ಬಿಡುತ್ತದೆ, ಮುಂದೊಂದು ದಿನ ಹರಿಯುತ್ತದೆ. ಹುರಿಯೂ ಅದರ ಕೋಶವೂ ಇಕ್ಕಟ್ಟಾಗಿರುವ ಅಂಗೈ ಮತ್ತು ಬೆರಳಿನ ನಡುವಿನ ಭಾಗವನ್ನು ಹಿಂದಿನ ಸರ್ಜನ್ನರು ಯಾರೂ ಕಾಲಿಡಬಾರದ ನೆಲವೆಂದೇ ಕರೆಯುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಜೊತೆಗಾರರು ಅಲ್ಲಿಯೂ ಕೂಡಲೇ ಜೋಡಿಸಬಹುದೆಂದು ತೋರಿಸಿಕೊಟ್ಟ ಮೇಲೆ ಆ ಭಯ ಕಡಿಮೆಯಾಯಿತು.

ಈಗ ಅರಿವಳಿಕೆಗೆ ಬರೋಣ. ನಮ್ಮ ಗಡಿಸೀಮೆಯಲ್ಲಿ ಕೆಲವರು ಇದಕ್ಕೆ ಮರಾಠಿಯ "ಭೂಲ್" ಎಂಬ ಶಬ್ದವನ್ನೇ ಬಳಸುತ್ತಾರೆ. "ಭೂಲ್ ಕೊಟ್ರು" ಅಂದರೆ ಮುಗಿಯಿತು. ಯಾವ ಭೂಲ್, ಎಲ್ಲಿಗೆ, ಎಷ್ಟು ಹೊತ್ತು ಎಂದು ಕೇಳುವವರಿಲ್ಲ. ಹಾಗೆ ನೋಡಿದರೆ ಕೈಯ ಹುರಿ ಜೋಡಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಪೂರ್ತಿ ಪ್ರಜ್ಞೆ ತಪ್ಪಿಸುವುದು. ಇಂದಿನ ದಿನಗಳಲ್ಲಿ ಇದು ಬಹಳ ಸುರಕ್ಷಿತ. ಆದರೆ ಹೊಟ್ಟೆ ಖಾಲಿ ಇರಬೇಕು, ಪರೀಕ್ಷೆಗಳಾಗಬೇಕು, ಅರಿವಳಿಕೆ ತಜ್ಞರು ಬೇಕು, ಎಚ್ಚರಾದ ಮೇಲೆ ಕೆಲವರಿಗೆ ವಾಂತಿ, ಗಂಟಲುನೋವು. ದಮ್ಮು, ಹೃದಯದ ತೊಂದರೆ ಇದ್ದವರಿಗೆ ಹೆಚ್ಚಿನ ಕಾಳಜಿ ಬೇಕು. ಎರಡು, ಕುತ್ತಿಗೆಯ ಬುಡದಲ್ಲಿ ಅಥವಾ ಕಂಕುಳಲ್ಲಿ ಇಂಜೆಕ್ಷನ್ ಕೊಟ್ಟು ಇಡೀ ತೋಳನ್ನು ಜೋಮು ಹಿಡಿಸುವುದು. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಈ ಎರಡರಲ್ಲೂ ಸಾಮಾನ್ಯವಾಗಿ ರಕ್ತ ಬರದಂತೆ ತೋಳಿಗೆ ಬಿ.ಪಿ. ನೋಡುವ ಪಟ್ಟಿಯಂಥದನ್ನು ಬಿಗಿಯಾಗಿ ಕಟ್ಟಿ ಗಾಳಿ ತುಂಬಿಸಿಡುತ್ತಾರೆ. ಮೂರನೆಯದು, ಗಾಯದ ಸುತ್ತ ಅಷ್ಟೇ ಮದ್ದು ಚುಚ್ಚಿ, ತೋಳಿಗೆ ಪಟ್ಟಿಯನ್ನೂ ಕಟ್ಟದೆ, ರೋಗಿ ಪೂರ್ತಿ ಎಚ್ಚರವಿದ್ದಾಗಲೇ ಆಪರೇಷನ್ ಮಾಡುವುದು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು "ವಾಲಂಟ್" ಎಂದು ಕರೆಯುತ್ತಾರೆ. ಕೆನಡಾದ ಪ್ಲಾಸ್ಟಿಕ್ ಸರ್ಜನ್ ಡೊನಾಲ್ಡ್ ಲಾಲಂಡ್ ಇದನ್ನು ಜಗತ್ತಿನ ತುಂಬ ಹಬ್ಬಿಸಿದವರಲ್ಲಿ ಮುಖ್ಯರು.

ಮದ್ದು ಹೊಸದೇನೂ ಅಲ್ಲ. ಹಲ್ಲು ಕೀಳುವಾಗ ಕೊಡುವ ಅದೇ ಲಿಗ್ನೋಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ಅದರ ಜೊತೆ ಅತ್ಯಲ್ಪ ಪ್ರಮಾಣದ ಅಡ್ರಿನಲಿನ್ ಬೆರೆಸುತ್ತಾರೆ. ಅಡ್ರಿನಲಿನ್ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ರಕ್ತ ಹೆಚ್ಚು ಒಸರುವುದಿಲ್ಲ, ಪಟ್ಟಿಯ ಅಗತ್ಯ ಬೀಳುವುದಿಲ್ಲ, ಮದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಚುಚ್ಚಿದ ಮೇಲೆ ಸುಮಾರು ಅರ್ಧ ಗಂಟೆ ಕಾಯಬೇಕು. ದೇಹದ ತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ ಮೀರದಂತೆ ಲೆಕ್ಕ ಹಾಕುತ್ತಾರೆ. ಕೆಲವರಿಗೆ ಸ್ವಲ್ಪ ಹೊತ್ತು ಎದೆ ಡವಗುಟ್ಟಬಹುದು, ಕೈ ನಡುಗಬಹುದು. ಮುಂಚೆಯೇ ಹೇಳಿದ್ದರೆ ಯಾರೂ ಗಾಬರಿಯಾಗುವುದಿಲ್ಲ.

ಈ ಮೂರನೆಯ ದಾರಿಯ ದೊಡ್ಡ ಲಾಭ ಬೇರೆಯೇ ಇದೆ. ಪ್ರಜ್ಞೆ ಇಲ್ಲದವಳು ಬೆರಳು ಮಡಚಲಾರಳು. ಜೋಮು ಹಿಡಿದ ತೋಳೂ ಮಡಚಲಾರದು. ಎಚ್ಚರವಿದ್ದವಳು ಮಡಚಬಲ್ಲಳು, ಯಾಕೆಂದರೆ ಎಳೆಯುವ ಸ್ನಾಯು ಇರುವುದು ಮುಂಗೈಯಲ್ಲಿ, ಮದ್ದು ಹಾಕಿದ್ದು ಅಂಗೈಗೆ. ಹೊಲಿಗೆ ಮುಗಿದ ಮೇಲೆ, ಚರ್ಮ ಮುಚ್ಚುವ ಮುನ್ನ, ಡಾಕ್ಟರು ಬೆರಳು ಮಡಚಲು ಹೇಳುತ್ತಾರೆ. ಗಂಟು ತೊಡಕಿದರೆ ಅಲ್ಲೇ ಕಾಣುತ್ತದೆ, ಸಂದು ಬಿಟ್ಟರೆ ಅಲ್ಲೇ ಕಾಣುತ್ತದೆ, ಅಲ್ಲೇ ಸರಿಪಡಿಸುತ್ತಾರೆ. ನಾವು ಒಂದು ಕುಬಸ ಹೊಲಿಸಿದರೂ ತೊಟ್ಟು, ತೋಳೆತ್ತಿ ನೋಡಿಯೇ ತರುತ್ತೇವೆ. ಜನ್ಮವಿಡೀ ದುಡಿಯಬೇಕಾದ ಬೆರಳನ್ನು ಹಾಗೆ ಪರೀಕ್ಷಿಸಿ ನೋಡುವ ಅವಕಾಶ ಇದ್ದೂ ಅದರ ಸುದ್ದಿಯನ್ನೇ ಎತ್ತದಿರುವುದು ಯಾವ ನ್ಯಾಯ?

ಹುಕ್ಕೇರಿಯಲ್ಲಿ ನನ್ನ ಚಿಕ್ಕಪ್ಪನ ಮಗಳಿಗೆ ಕುಡಗೋಲಿನಿಂದ ತೋರುಬೆರಳಿನ ಹುರಿ ಕತ್ತರಿಸಿತ್ತು. ಮನೆಯವರೆಲ್ಲ ಕೂಡಿ "ಪೂರಾ ಮತ್ತು" ಎಂದು ನಿರ್ಧರಿಸಿದರು. ಈಗ ಆ ಬೆರಳು ಅರ್ಧಕ್ಕೆ ಮಡಚಿ ನಿಲ್ಲುತ್ತದೆ. ಅಂಗೈ ಚಪ್ಪಟೆ ಇಟ್ಟು ರೊಟ್ಟಿ ಬಡಿಯಬಲ್ಲಳು. ಕೊಡದ ಕಂಠ ಹಿಡಿಯಲಾರಳು, ಸೂಜಿ ಹಿಡಿಯಲಾರಳು. ಮತ್ತು ಕೊಟ್ಟಿದ್ದರಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಬೆರಳು ಬಿರುಸಾಗಲು ಕಾರಣ ಹತ್ತಾರು. ಎಷ್ಟೋ ಬೆರಳುಗಳು ಪೂರ್ತಿ ಮತ್ತಿನಲ್ಲಿ ಹೊಲಿಸಿಕೊಂಡೂ ಚೆನ್ನಾಗಿ ಆಡುತ್ತವೆ. ಆದರೆ ಎಚ್ಚರವಿದ್ದೇ ಮಾಡಿಸಿಕೊಳ್ಳುವ ದಾರಿಯೊಂದಿತ್ತು ಎಂಬ ಸಂಗತಿ ಆಕೆಗೆ ಗೊತ್ತಾದದ್ದು ನನ್ನ ಬಾಯಿಂದ, ಒಂದು ವರ್ಷದ ಮೇಲೆ. "ಯಾರೂ ಹೇಳಲೇ ಇಲ್ಲಕ್ಕ" ಅಂದಳು. ಆ ಮಾತಿಗೆ ಯಾವ ಡಾಕ್ಟರು ಉತ್ತರ ಕೊಡುತ್ತಾರೆ?

ಮೂಡಲಗಿಯ ನಾದಿನಿಯದು ಇನ್ನೊಂದು ಕಥೆ. ಆಕೆಗೆ ಬ್ಲಾಕ್ ಕೊಟ್ಟರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ತೋಳಿನ ಜೋಮು ರಾತ್ರಿಯವರೆಗೂ ಇರುತ್ತದೆಂದು ಒಬ್ಬರೂ ಆಕೆಗೆ ಹೇಳಿರಲಿಲ್ಲ. ಹಾಸಿಗೆಯಲ್ಲಿ ಪಕ್ಕಕ್ಕೆ ಯಾರದೋ ಕೈ ಬಿದ್ದಂತೆ ತನ್ನ ಕೈ ಬಿದ್ದಿರುವುದನ್ನು ನೋಡಿ, ಕೈ ಹೋಯಿತೆಂದೇ ತಿಳಿದು, ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಬೆಳಗಿನ ಜಾವ ಬೆರಳಲ್ಲಿ ಇರುವೆ ಹರಿದಂತಾದಾಗ ಜೀವ ಬಂತಂತೆ. ಹೆದರುತ್ತಾಳೆ ಎಂದು ಏನನ್ನೂ ಹೇಳದೆ ಬಿಟ್ಟವರೇ ಆಕೆಯನ್ನು ಇಡೀ ರಾತ್ರಿ ಹೆದರಿಸಿದ್ದರು.

ನನ್ನ ಎಡಗೈ ಉಂಗುರಬೆರಳಿನ ಹುರಿ ಕತ್ತರಿಸಿದ್ದು ಗಾಜಿನ ಭರಣಿ ಒಡೆದು. ಇಬ್ಬರ ಕಥೆ ನನಗೆ ಗೊತ್ತಿತ್ತು. ಬೆಳಗಾವಿಯ ಸರ್ಜನ್ನರ ಮುಂದೆ ಕೂತಾಗ, ಮಗ ಬಾಯಿ ತೆರೆಯುವ ಮೊದಲೇ ನಾನು ಕೇಳಿದೆ: "ಇದರಾಗ ಏನೇನ್ ದಾರಿ ಅದಾವ್ರಿ?" ಅವರು ಮೂರನ್ನೂ ಬಿಡಿಸಿ ಹೇಳಿದರು, ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ನಾನು ಎಚ್ಚರವಿರುವುದನ್ನು ಆರಿಸಿಕೊಂಡೆ. ಮೊದಲ ಸೂಜಿ ಚುರ್ ಎಂದಿತು, ಆಮೇಲೆ ನೋವಿಲ್ಲ. ಒಂದು ಹೊತ್ತಿನಲ್ಲಿ "ಅಕ್ಕೋರ, ಬೆರಳ ಮಡಚ್ರಿ" ಅಂದರು. ಮಡಚಿದೆ, ಅರ್ಧಕ್ಕೆ ತಡೆಯಿತು. ಅವರು ಒಂದು ಕುಣಿಕೆಯನ್ನು ಸ್ವಲ್ಪ ಬಿಡಿಸಿ, ಹೊಲಿಗೆ ಸವರಿ, ಮತ್ತೆ ಮಡಚಿ ಎಂದರು. ಈ ಸಲ ಬೆರಳು ಅಂಗೈಗೆ ಹೋಗಿ ಮುಟ್ಟಿತು. ಮುಂದಿನ ವಾರಗಳಲ್ಲಿ ಪಟ್ಟಿ ಕಟ್ಟಿಕೊಂಡು ವ್ಯಾಯಾಮ ಮಾಡುವಾಗ, ನೋವಾದಾಗ, ಈ ಬೆರಳು ಮಡಚುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ ಎಂಬ ಧೈರ್ಯ ನನಗಿತ್ತು. ಆಪರೇಷನ್ ನಡೆದಾಗಲೇ ಡಾಕ್ಟರು ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುತ್ತ ಹೋಗಿದ್ದರು. ಮತ್ತಿನಲ್ಲಿದ್ದವಳಿಗೆ ಅದನ್ನೆಲ್ಲ ಯಾರು ಹೇಳುತ್ತಾರೆ?

ಇದಕ್ಕೆ ಎದುರು ವಾದಗಳು ನನಗೆ ಗೊತ್ತಿವೆ. ಮೊದಲನೆಯದು, ಬೆರಳಿಗೆ ಅಡ್ರಿನಲಿನ್ ಕೊಟ್ಟರೆ ರಕ್ತ ನಿಂತು ಬೆರಳು ಕಪ್ಪಾಗಿ ಸಾಯುತ್ತದೆ ಎಂಬುದು. ವೈದ್ಯಕೀಯ ಪುಸ್ತಕಗಳೇ ತಲೆಮಾರುಗಳ ಕಾಲ ಹಾಗೆ ಕಲಿಸಿದವು. ಹಳೆಯ ವರದಿಗಳನ್ನು ಕೆದಕಿ ನೋಡಿದಾಗ, ಅವು ಬಹುಪಾಲು 1950ಕ್ಕಿಂತ ಹಿಂದಿನವು, ಕೊಕೇನ್, ಪ್ರೊಕೇನ್ ಬಳಸುತ್ತಿದ್ದ ಕಾಲದವು ಎಂದು ಗೊತ್ತಾಯಿತು. 2005ರಲ್ಲಿ ಲಾಲಂಡ್ ಮತ್ತು ಜೊತೆಗಾರರು ಕೈ ಮತ್ತು ಬೆರಳಿಗೆ ಅಡ್ರಿನಲಿನ್ ಕೊಟ್ಟ 3,110 ಪ್ರಕರಣಗಳನ್ನು ಪ್ರಕಟಿಸಿದರು. ಒಂದು ಬೆರಳೂ ಸತ್ತಿರಲಿಲ್ಲ. ಅದರಾಚೆ ಎಲ್ಲೋ ಒಂದೊಂದು ತೊಂದರೆಯ ವರದಿ ಬಂದಿದೆ, ಇಲ್ಲವೆನ್ನುವಂತಿಲ್ಲ. ಅದಕ್ಕಾಗಿಯೇ ಬೆರಳಿನ ರಕ್ತ ಸಂಚಾರವನ್ನು ಮೊದಲೇ ನೋಡುತ್ತಾರೆ. ಅಡ್ರಿನಲಿನ್ನಿನ ಪ್ರಭಾವ ಇಳಿಸುವ ಫೆಂಟೋಲಮಿನ್ ಎಂಬ ಪ್ರತಿಮದ್ದೂ ಉಂಟು.

ಎರಡನೆಯ ವಾದವೇ ನನ್ನನ್ನು ಕೆರಳಿಸುವುದು: ಹೆಂಗಸರು ಹೆದರುತ್ತಾರೆ! ಇದೇ ಊರುಗಳಲ್ಲಿ ಸಿಸೇರಿಯನ್ ಹೇಗೆ ಮಾಡುತ್ತಾರೆ? ಹೆಚ್ಚಾಗಿ ಬೆನ್ನಿಗೊಂದು ಇಂಜೆಕ್ಷನ್ ಕೊಟ್ಟು, ತಾಯಿ ಎಚ್ಚರವಿರುವಾಗಲೇ ಹೊಟ್ಟೆ ಕೊಯ್ಯುತ್ತಾರೆ. ಕುಟುಂಬ ಯೋಜನೆಯ ಶಿಬಿರಗಳನ್ನು ನೆನಪಿಸಿಕೊಳ್ಳಿ. ಸಾಲಾಗಿ ಮಲಗಿಸಿ, ಹೊಟ್ಟೆಯ ಮೇಲೆ ಜೋಮಿನ ಮದ್ದು ಚುಚ್ಚಿ, ಒಬ್ಬಳಾದ ಮೇಲೆ ಒಬ್ಬಳಿಗೆ ಆಪರೇಷನ್ ಮಾಡಿ ಮುಗಿಸಿದರಲ್ಲ, ಆಗ "ಹೆಣ್ಣಮಗಳು ಹೆದರತಾಳ" ಎಂದು ಯಾವ ಗಂಡ ಅಂದ? ಹೆರುವಾಗ, ಹೆರದಂತೆ ಮಾಡುವಾಗ ನಮ್ಮ ಧೈರ್ಯದ ಮೇಲೆ ಎಲ್ಲರಿಗೂ ನಂಬಿಕೆ. ಒಂದು ಬೆರಳಿನ ಮಾತು ಬಂದಾಗ ಮಾತ್ರ ನಾವು ಅಬಲೆಯರು.

ಹೆಂಗಸರ ಎದೆಗಾರಿಕೆಯ ಮಾತು ಬಂದಿತೆಂದು ಇನ್ನೊಂದು ಸಂಗತಿ. ನಮ್ಮ ಕಲಬುರ್ಗಿ, ರಾಯಚೂರು, ಬೀದರುಗಳು ನಿಜಾಮನ ರಾಜ್ಯದಲ್ಲಿದ್ದ ಕಾಲದಲ್ಲಿ, ಹೈದರಾಬಾದಿನಲ್ಲಿ ಕ್ಲೋರೋಫಾರ್ಮಿನ ಸುರಕ್ಷತೆಯನ್ನು ಪರೀಕ್ಷಿಸಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಅಲ್ಲಿನ ಮೆಡಿಕಲ್ ಸ್ಕೂಲಿನಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಕ್ಲೋರೋಫಾರ್ಮ್ ಕೊಡುವುದನ್ನೇ ತಮ್ಮ ವೃತ್ತಿ ಮಾಡಿಕೊಂಡರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಗುರುತಿಸುತ್ತಾರೆ. ನೂರಾಮೂವತ್ತು ವರ್ಷಗಳ ಹಿಂದೆ ಹೆಣ್ಣೊಬ್ಬಳು ಅರಿವಳಿಕೆ ಕೊಡಬಲ್ಲವಳಾಗಿದ್ದಳು. ಇಂದಿನ ಹೆಣ್ಣು ತನಗೆ ಯಾವ ಅರಿವಳಿಕೆ ಬೇಕೆಂದು ಹೇಳಲಾರಳೇ?

ಮೂರನೆಯ ವಾದ, ಡಾಕ್ಟರಿಗೆ ಎಲ್ಲ ಗೊತ್ತು, ನಾವು ಕೇಳುವುದೇನು ಎಂಬುದು. ಡಾಕ್ಟರಿಗೆ ಗೊತ್ತಿರುವುದನ್ನು ನಮಗೆ ಹೇಳಬೇಕೆಂದು ದೇಶದ ಅತಿ ದೊಡ್ಡ ನ್ಯಾಯಾಲಯವೇ ಹೇಳಿದೆ. ದಿಲ್ಲಿಯ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ, ಪರೀಕ್ಷೆಗೆಂದು ಪ್ರಜ್ಞೆ ತಪ್ಪಿಸಿದ್ದ ಹೆಣ್ಣುಮಗಳ ತಾಯಿಯನ್ನು ಹೊರಗೆ ಕೇಳಿ, ಮಗಳ ಗರ್ಭಕೋಶ, ಅಂಡಾಶಯಗಳನ್ನೇ ತೆಗೆದುಬಿಟ್ಟಿದ್ದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ಒಪ್ಪಿಗೆಯನ್ನು ಆಕೆಯಿಂದಲೇ ಪಡೆಯಬೇಕು, ಜೀವಕ್ಕೆ ತುರ್ತು ಅಪಾಯವಿಲ್ಲದಾಗ ತಾಯಿಯ ಒಪ್ಪಿಗೆಯೂ ನಡೆಯದು ಎಂದು ತೀರ್ಪು ಕೊಟ್ಟಿತು. ಚಿಕಿತ್ಸೆಯ ಲಾಭ, ಮುಖ್ಯ ಅಪಾಯಗಳ ಜೊತೆಗೆ ಬೇರೆ ದಾರಿಗಳಿದ್ದರೆ ಅವನ್ನೂ ತಿಳಿಸಬೇಕೆಂದಿತು. ಹೆತ್ತ ತಾಯಿಯ ಸಹಿಯೇ ನಡೆಯದ ಮೇಲೆ ಗಂಡನದು, ಮೈದುನನದು ಹೇಗೆ ನಡೆದೀತು?

"ಕೈಗೇ ಗಾಯ ಆಗೇತಿ, ಸಹಿ ಹೆಂಗ ಮಾಡತಾಳ?" ಎಂದು ಕೇಳಿದ ಮಹಾನುಭಾವರೂ ಇದ್ದಾರೆ. ಇನ್ನೊಂದು ಕೈಯ ಹೆಬ್ಬೆಟ್ಟು ಎಲ್ಲಿ ಹೋಗಿತ್ತು? ಹೊಲ ಮಾರುವಾಗ, ಸಾಲ ತೆಗೆಯುವಾಗ ಆ ಹೆಬ್ಬೆಟ್ಟು ಬೇಕಾಗುತ್ತದೆ, ನೆನಪಿರಲಿ.

ಎಲ್ಲರೂ ಎಚ್ಚರವಿದ್ದೇ ಮಾಡಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸಣ್ಣ ಮಕ್ಕಳಿಗೆ ಪೂರ್ತಿ ಮತ್ತೇ ಬೇಕು. ಮಣಿಕಟ್ಟಿನಲ್ಲಿ ಹತ್ತಾರು ಹುರಿ, ನರ, ರಕ್ತನಾಳ ಒಟ್ಟಿಗೆ ಕತ್ತರಿಸಿ ಗಂಟೆಗಟ್ಟಲೆ ಕೆಲಸವಿದ್ದರೆ ಬ್ಲಾಕ್ ಅಥವಾ ಪೂರ್ತಿ ಮತ್ತೇ ಹಿತ. ಬೆರಳಿಗೆ ರಕ್ತ ಸರಿಯಾಗಿ ಹರಿಯದವರಿಗೆ ಅಡ್ರಿನಲಿನ್ ಬೇಡ. ರಕ್ತ ಕಂಡರೆ ಜೀವ ಹೋಗುವಂತಾಗುವ ಹೆಣ್ಣುಮಗಳು "ನನಗ ಏನೂ ಗೊತ್ತಾಗಬಾರದು" ಎಂದರೆ ಅದೂ ಆಕೆಯ ಆಯ್ಕೆಯೇ. ಅದರಲ್ಲಿ ಸಣ್ಣತನವೇನೂ ಇಲ್ಲ. ಇನ್ನು ಜೋಮಿನ ಮದ್ದು ಸಾಕು ಎಂದ ಮಾತ್ರಕ್ಕೆ ಯಾವ ದವಾಖಾನೆಯಲ್ಲಾದರೂ, ಯಾರಾದರೂ ಹುರಿ ಹೊಲಿಯಬಹುದು ಎಂದಲ್ಲ. ಕೈಯ ಆಪರೇಷನ್ ಕಲಿತ ಸರ್ಜನ್ನರೇ ಬೇಕು, ಶುದ್ಧವಾದ ಕೋಣೆ ಬೇಕು. ಆದರೆ ಗೋಕಾಕದಿಂದ ಬೆಳಗಾವಿಗೆ 60 ಕಿಲೋಮೀಟರಿಗೂ ಹೆಚ್ಚು, ಮೂಡಲಗಿಯಿಂದ ಇನ್ನೂ ದೂರ. ಕಲಿತ ಸರ್ಜನ್ನರು ನಮ್ಮ ತಾಲೂಕಿನಲ್ಲೇ ಇದ್ದರೆ, ಅರಿವಳಿಕೆ ತಜ್ಞರು ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಹಸಿದ ಹೊಟ್ಟೆಯಲ್ಲಿ ಕಾಯುವ ಎಷ್ಟೋ ಕೈಗಳಿಗೆ ಈ ದಾರಿ ಒಳಿತು ಮಾಡೀತು.

ಗೆಳತಿಯರೇ, ಕೈ ಕೊಯ್ದು ಬೆರಳು ಮಡಚದಿದ್ದರೆ, ಅಥವಾ ನಿಮ್ಮ ಸೊಸೆಗೋ ಮಗಳಿಗೋ ಹಾಗಾಗಿದ್ದರೆ, ಡಾಕ್ಟರನ್ನು ನಾಲ್ಕು ಮಾತು ಕೇಳಿ. ಕತ್ತರಿಸಿದ್ದು ಹುರಿಯೋ, ನರವೋ, ರಕ್ತನಾಳವೋ? ನೋವು ತಿಳಿಯದಂತೆ ಮಾಡಲು ಯಾವ ಯಾವ ದಾರಿಗಳಿವೆ, ನನಗೆ ಯಾವುದು ಸರಿ, ಯಾಕೆ? ಚರ್ಮ ಮುಚ್ಚುವ ಮೊದಲು ಬೆರಳು ಮಡಚುವುದನ್ನು ನೀವು ನೋಡುವಿರಾ? ಜೋಮು ಎಷ್ಟು ಹೊತ್ತಿಗೆ ಇಳಿಯುತ್ತದೆ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದವರ ಮುಂದೆ ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಕೇಳಿ. ಜೊತೆಗೆ ಬಂದ ಗಂಡಸರಿಗೂ ಒಂದು ಕೆಲಸ ಕೊಡಿ: ಆಕೆ ಕೇಳಿ ಮುಗಿಸುವವರೆಗೆ ಪೆನ್ನು ಜೇಬಿನಲ್ಲೇ ಇರಲಿ ಎಂದು ಹೇಳಿ.